ಹೆಸರುಗಳ ನಡುವಿನ ಉಸಿರು

"ಹೆಸರನ್ನ ಬೇಕಾದ್ರೆ ಜೋರು ಮಾಡ್ಕೋ, ಮೆಲ್ಲಗೆ ಮಾಡ್ಕೋ. ನಡುವಿನ ಉಸಿರಿಗೆ ಮಾತ್ರ ಕೈ ಹಾಕಬೇಡಪ್ಪಾ," ಎಂದಳು ಅಜ್ಜಿ.

ಸ್ಟುಡಿಯೋದ ಗಾಜಿನ ಈಚೆ ಕೂತಿದ್ದ ಕತ್ತರಿ ಎಂಬವನು ಮಾತಿನ ಗುಂಡಿ ಒತ್ತಿ, ನಗು ತಡೆಯದೆ ಕೇಳಿದ: "ಯಾಕಜ್ಜಿ? ನಿಮ್ಮ ದೇವಿಗೆ ಗೊರಕೆ ಕೇಳಿದ್ರೇನೇ ನಿದ್ದೆ ಬರೋದಾ?"

ಅಜ್ಜಿ ನಗಲಿಲ್ಲ. ಅವಳ ಹಿಂದೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅವಳ ಮಗಳೂ ನಗಲಿಲ್ಲ. ಮಗಳಿಗೂ ತಲೆ ನರೆತಿತ್ತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯ ಬೆನ್ನನ್ನೇ ನೋಡುತ್ತಿದ್ದಳು. "ಹೆಸರು ಅವಳಿಗೆ, ಉಸಿರು ಇವಳಿಗೆ," ಎಂದು ಅಜ್ಜಿ ಮೊದಲು ಮೇಲಕ್ಕೆ, ಆಮೇಲೆ ಹಿಂದಕ್ಕೆ ಬೆರಳು ತೋರಿಸಿದಳು. ಅಷ್ಟು ಹೇಳುವುದರೊಳಗೆ ಎರಡು ಸಲ ಮಾತು ನಿಲ್ಲಿಸಿ, ಆತುರಾತುರವಾಗಿ ದೇವಿಯ ಒಂದೊಂದು ಹೆಸರು ಹೇಳಿ ಮುಗಿಸಿದ್ದಳು. "ಇವಳು ಹುಟ್ಟಿದಾಗ ಉಸಿರೇ ಇರ್ಲಿಲ್ಲ. ದೇವಿಗೆ ಹರಕೆ ಹೊತ್ತೆ. ಒಂದು ಹೆಸರು ಹೇಳಿದ್ರೆ ಒಂದು ಉಸಿರು ಕೊಡ್ತೀನಿ ಅಂದಳು. ಇನ್ನೂ ಕೊಡ್ತಾ ಇದಾಳೆ. ನನ್ನ ಗಂಟಲು ಹೋಗ್ತಾ ಬಂತು. ನಾನು ಹೋದ ಮೇಲೂ ಇವಳಿಗೆ ಆಗ್ಬೇಕಲ್ಲ, ಅದಕ್ಕೇ ಬಂದಿದ್ದು."

ಕತ್ತರಿ ಎಂಬುದು ಅವನಿಗೆ ಹಳೆಯ ಕೆಲಸದಲ್ಲಿ ಅಂಟಿಕೊಂಡ ಅಡ್ಡಹೆಸರು. ಸಿನಿಮಾಗಳ ಧ್ವನಿ ಶುಚಿ ಮಾಡುವುದು ಅವನ ಕಸುಬು. ನಾಯಕಿ ಎಂಜಲು ನುಂಗಿದ ಸದ್ದು, ನಾಯಕನ ಹೊಟ್ಟೆ ಗುರುಗುಟ್ಟಿದ ಸದ್ದು, ಹಿಂದೆಲ್ಲೋ ಕುರ್ಚಿ ಕಿರುಗುಟ್ಟಿದ್ದು, ಯಾವುದನ್ನೂ ಅವನು ಬಿಟ್ಟವನಲ್ಲ. ಒಬ್ಬ ಹೆಸರಾಂತ ಗಾಯಕನಿಗೆ ಮುಖದ ಮೇಲೇ, "ನಿಮ್ಮ ಹಾಡಿನಲ್ಲಿ ಕತ್ತರಿಸಿದ ಮೇಲೆ ಉಳಿಯೋದು ತಬಲಾ ಒಂದೇ" ಎಂದುಬಿಟ್ಟು, ಆ ಕೆಲಸಕ್ಕೆ ಎಳ್ಳುನೀರು ಬಿಟ್ಟು, ಮೊನ್ನೆ ಮೊನ್ನೆ ಈ ಭಕ್ತಿಯ ಸ್ಟುಡಿಯೋಗೆ ಬಂದು ಬಿದ್ದಿದ್ದ. ಬಿದ್ದವನಿಗೆ ಮೀಸೆ ಮಣ್ಣಾಗಿರಲಿಲ್ಲವಂತೆ. ಬಂದ ದಿನದಿಂದ ಕಂಡವರನ್ನೆಲ್ಲ ಮೂಗಿನ ತುದಿಯಿಂದ ನೋಡುವುದೇ ಅವನಿಗೆ ಕೆಲಸ. ಪುಣ್ಯವೆಂದರೆ ಅವನ ಪ್ರಕಾರ ಸೋಮಾರಿಗಳ ಉಳಿತಾಯ ಖಾತೆ. ಯಜಮಾನನೂ ಅವನಿಗೆ ತಕ್ಕವನೇ. ಹಣೆ ತುಂಬ ಕುಂಕುಮ, ಬಾಯಿ ತುಂಬ ವ್ಯಾಪಾರ. "ಹಲ್ಲುಜ್ಜುತ್ತಾ ಕೇಳಿದ್ರೂ ಪುಣ್ಯ ಬರೋ ಹಾಗಿರಬೇಕು ನಮ್ಮ ಮಾಲು," ಎನ್ನುತ್ತಿದ್ದ. ಯಾವ ಪುಸ್ತಕದಲ್ಲೂ ಇಲ್ಲದ, ಅಜ್ಜಿಯ ಮನೆತನದವರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಸಾವಿರ ಹೆಸರು ಎಂದು ಕೇಳಿದ್ದೇ ತಡ, ಬಿಟ್ಟಿಯಾಗಿ ಧ್ವನಿಮುದ್ರಣ ಮಾಡಿಕೊಡಲು ಒಪ್ಪಿಕೊಂಡಿದ್ದ.

ಮುದ್ರಣದ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗಳಿಗೆ ಮೆತ್ತಿದ ಹಳೆಯ ಸ್ಪಂಜಿಗೆ ಎಷ್ಟೋ ಜನರ ಬೆವರು ಇಳಿದು ಹುಳಿವಾಸನೆ ಹಿಡಿದಿತ್ತು. ಬಾಗಿಲು ಹಾಕಿದರೆ ಹಾಡಹಗಲೂ ಅಲ್ಲಿ ನಡುರಾತ್ರಿಯೇ. ಸುಮ್ಮನೆ ಕೂತರೆ ನಮ್ಮ ಕಿವಿಯೊಳಗೆ ನಮ್ಮದೇ ರಕ್ತ ಹರಿಯುವುದು ಕೇಳುತ್ತಿತ್ತು. ಅಂಥ ಕತ್ತಲಲ್ಲಿ, ಮೈಕಿನ ಮೇಲಿನ ಒಂದು ಪುಟ್ಟ ಕೆಂಪು ದೀಪದ ಬೆಳಕಿನಲ್ಲಿ ಅಜ್ಜಿ ಹೇಳತೊಡಗಿದಳು.

"ಮೊದಲೇ ಬಂದವಳೇ." ಉಸಿರು. "ಬಾಗಿಲ ಹಿಂದೆ ನಿಂತವಳೇ." ಉಸಿರು. "ಬೂದಿಯೊಳಗೆ ಕಣ್ಣು ಬಿಟ್ಟವಳೇ." ಉಸಿರು. "ಹಸಿವನ್ನೇ ಉಟ್ಟವಳೇ." ಉಸಿರು.

ಒಳಗೆಳೆಯುವಾಗ ಸಣ್ಣ ಸಿಳ್ಳು ಹಾಕುವ, ಕಫ ಕಟ್ಟಿದ, ಒದ್ದೆ ಉಸಿರು. ಕತ್ತರಿಗೆ ಹೇಸಿಗೆಯಾಯಿತು. ಮಗಳ ಎದೆ ಅಜ್ಜಿಯ ಜೊತೆಗೇ ಏರಿ ಜೊತೆಗೇ ಇಳಿಯುತ್ತಿದ್ದದ್ದು ಅವನ ಕಣ್ಣಿಗೆ ಬೀಳದೆ ಇರಲಿಲ್ಲ. ತಾಯಿ ಒಮ್ಮೆ ಕೆಮ್ಮಿ ಹೆಸರು ತಡವಾದಾಗ ಮಗಳ ಕೊರಳ ನರಗಳು ಹಗ್ಗದಂತೆ ಎದ್ದು ನಿಂತದ್ದನ್ನೂ ಅವನು ನೋಡಿದ. ಎಷ್ಟು ಚೆನ್ನಾಗಿ ನಾಟಕ ಕಲಿಸಿದ್ದಾಳೆ ಮುದುಕಿ ಎಂದುಕೊಂಡು ಆಕಳಿಸಿದ.

ಆಮೇಲಿನ ಕೆಲಸವೆಲ್ಲ ಅವನೊಬ್ಬನದೇ. ವಾರಗಟ್ಟಲೆ ದಿನವಿಡೀ ದೀಪ ಆರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ ಕೂತ. ಪರದೆಯ ಮೇಲೆ ಹೆಸರುಗಳು ಗುಡ್ಡಗಳ ಹಾಗೆ ಕಾಣುತ್ತಿದ್ದವು, ಉಸಿರುಗಳು ನಡುವೆ ಬಿದ್ದ ಕುರುಚಲು ಪೊದೆಗಳ ಹಾಗೆ. ಯಜಮಾನ ಬಾಗಿಲಲ್ಲಿ ತಲೆ ಹಾಕಿ, "ಅಜ್ಜಿ ಏನೋ ಹೇಳಿದ್ರಲ್ಲಪ್ಪಾ, ಉಸಿರಿನ ವಿಷಯ..." ಎಂದು ರಾಗ ಎಳೆದ.

"ಸಾರ್, ಜನ ಪುಣ್ಯ ಬೇಕು ಅಂತ ಕೇಳ್ತಾರೆ. ಮುದುಕಿಯ ದಮ್ಮು ಯಾರಿಗೆ ಬೇಕು?"

ಯಜಮಾನ ತಲೆ ಹೊರಗೆಳೆದುಕೊಂಡು ಬಾಗಿಲು ಹಾಕಿದ. ಕತ್ತರಿ ಒಂದೊಂದೇ ಉಸಿರು ಕತ್ತರಿಸಿ ಎಸೆದ. ಕೆಲಸ ಮುಂದುವರಿದಂತೆ ಒಂದು ವಿಚಿತ್ರ ಕಿವಿಗೆ ಬಿತ್ತು. ಅಜ್ಜಿಯ ಉಸಿರಿನ ಹಿಂದೆ ಇನ್ನೊಂದು ಉಸಿರಿತ್ತು. ಅದು ಮಗಳದ್ದು, ಸರಿ. ಅದರ ಹಿಂದೆ, ತೀರ ಹತ್ತಿರದಲ್ಲಿ, ಮೈಕಿಗೇ ತುಟಿ ಇಟ್ಟಂತೆ, ಮೂರನೆಯದೊಂದು. ಅದು ಒಳಗೆ ಎಳೆಯುತ್ತಿರಲಿಲ್ಲ. ಬರೀ ಹೊರಗೆ ಬಿಡುತ್ತಿತ್ತು. ಹೆಡ್‌ಫೋನಿನ ಒಳಗೆ ಅವನ ಕಿವಿ ಬೆಚ್ಚಗಾಯಿತು. ಸುಟ್ಟ ಬತ್ತಿಯ ವಾಸನೆ ಮೂಗಿಗೆ ಅಡರಿತು. ಕತ್ತರಿ ಹೆಡ್‌ಫೋನ್ ಕಿತ್ತು, ಕಿವಿ ಉಜ್ಜಿಕೊಂಡು, ಹಾಳು ಯಂತ್ರ ಕಾದಿದೆ ಎಂದು ಬೈದು, ಆ ಮೂರನೆಯದನ್ನೂ ಕತ್ತರಿಸಿದ. ಕೊನೆಗೆ ಒಂದಕ್ಕೊಂದು ಅಂಟಿಕೊಂಡು ಒಂದೂ ಬಿರುಕಿಲ್ಲದೆ ಓಡುವ ಸಾವಿರ ಹೆಸರು ತಯಾರಾಯಿತು. ಅಷ್ಟು ಹೊತ್ತಿಗೆ ಹೆಸರುಗಳೆಲ್ಲ ಅವನಿಗೆ ಬಾಯಿಪಾಠ. ಯಜಮಾನ ಅದಕ್ಕೆ 'ಒಂದೇ ಉಸಿರಿನಲ್ಲಿ ಸಾವಿರ ಹೆಸರು' ಎಂದು ತಲೆಬರಹ ಕೊಟ್ಟು ಮಾರಾಟಕ್ಕೆ ಬಿಟ್ಟ, ಅಜ್ಜಿಯ ಮನೆಗೂ ಅದನ್ನು ತುಂಬಿದ ಹಾಡುವ ಪೆಟ್ಟಿಗೆಯೊಂದನ್ನು ಕಳಿಸಿದ.

ಕತ್ತರಿಗೆ ಲೋಕದಲ್ಲಿ ತಾತ್ಸಾರವಿಲ್ಲದ ಜೀವ ಒಂದೇ, ಅವನ ಹೆಂಡತಿ. ಮನೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು; ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವನಿಗೆ ಎದುರುತ್ತರ ಕೊಡಬಲ್ಲವಳು. ಅವಳ ನಗು ಕೇಳಲೆಂದೇ ಅವನು ದಿನವೂ ಯಾರನ್ನಾದರೂ ಅಣಕಿಸಿ ತೋರಿಸುತ್ತಿದ್ದ. ಅಡುಗೆಮನೆಯ ಗೂಡಿನಲ್ಲಿ ಅವಳದೊಂದು ದೇವಿಯ ಪಟವಿತ್ತು. ಅದರ ಮುಂದೆ ಅವಳು ದೀಪ ಹಚ್ಚುವಾಗ ಅವನು ಊದುವ ಹಾಗೆ ನಟಿಸುವುದು, ಅವಳು ಸೌಟು ತೋರಿಸುವುದು, ಇಬ್ಬರಿಗೂ ರೂಢಿ. ತನ್ನ ಹೊಸ ಕೆಲಸವನ್ನು ಅವಳಿಗೆ ಕೇಳಿಸಿದಾಗ ಮಾತ್ರ ಅವಳು ಕೊರಳು ಹಿಡಿದುಕೊಂಡಳು.

"ರೀ, ಇದನ್ನ ಕೇಳ್ತಿದ್ರೆ ಉಸಿರು ಕಟ್ಟುತ್ತೆ. ಆರಿಸಿ ಮೊದಲು."

ಅವನು ನಕ್ಕು ಆರಿಸಿದ. 

ಅಜ್ಜಿ ಸ್ಟುಡಿಯೋಗೆ ಮತ್ತೆ ಬಂದದ್ದು ಒಂದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ. ಒಬ್ಬಳೇ ಬಂದಿದ್ದಳು. ಕೈಯಲ್ಲೊಂದು ತಂಬಿಗೆ. ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು ಮಾತಾಡಿದಳು. ಅವಳ ಮಾತಿನ ನಡುವೆ ಈಗ ಹೆಸರುಗಳಿರಲಿಲ್ಲ. ಪೂರ್ತಿ ಪೂರ್ತಿ ವಾಕ್ಯಗಳನ್ನು, ಎಲ್ಲರ ಹಾಗೆ, ನಿಧಾನವಾಗಿ ಆಡುತ್ತಿದ್ದಳು.

"ಮಗಳು ಹೋದಳು. ನಿನ್ನ ಪೆಟ್ಟಿಗೆ ಹಚ್ಚಿಟ್ಟು ಮಲಗಿದೆ. ಅವಳು ಹುಟ್ಟಿದ ಮೇಲೆ ಮೊದಲನೇ ಸಲ ಬಾಯಿ ಮುಚ್ಚಿ ಮಲಗಿದ್ದು ನಾನು. ಎದ್ದಾಗ ಪೆಟ್ಟಿಗೆ ಇನ್ನೂ ಹೇಳ್ತಾನೇ ಇತ್ತು. ಅವಳು ತಣ್ಣಗಾಗಿದ್ದಳು."

"ಅದಕ್ಕೂ ಇದಕ್ಕೂ ಏನಜ್ಜಿ ಸಂಬಂಧ? ಅಷ್ಟು ಕಾಯಿಲೆ ಇದ್ದೋರನ್ನ ಡಾಕ್ಟ್ರಿಗೆ ತೋರಿಸ್ಬೇಕಿತ್ತು," ಎಂದ ಕತ್ತರಿ. ಎಳ್ಳಷ್ಟೂ ನೋವಾಗಲಿಲ್ಲ ಅವನಿಗೆ. ಎಲ್ಲಿ ದೂರು ಕೊಡುತ್ತಾಳೋ ಎಂಬ ಚಿಂತೆ ಮಾತ್ರ ಬಂತು.

"ಹೌದು," ಎಂದಳು ಅಜ್ಜಿ. ವಾದಕ್ಕೇ ಬರಲಿಲ್ಲ. "ನನ್ನ ಹತ್ರ ಪುಣ್ಯ ರಾಶಿ ಬಿದ್ದಿದೆ ಮಗಾ. ಇಷ್ಟು ವರ್ಷ ಹೇಳಿದ್ದು. ಯಾರಿಗಾಗಿ ಹೇಳಿದೆನೋ ಅವಳೇ ಇಲ್ಲ. ಸುಮ್ನೆ ಬಿಟ್ಟುಹೋಗೋಕೆ ದೇವಿ ಬಿಡಲ್ಲ, ಯಾರಿಗಾದ್ರೂ ಧಾರೆ ಎರೀಲೇಬೇಕು. ಹೆಸರೆಲ್ಲ ಬಾಯಿಗೆ ಬರೋನು ನೀನೊಬ್ಬನೇ. ಕೈ ಒಡ್ಡು."

ಅವಳು ನಿಂತ ಕಡೆಯಿಂದ ಸುಟ್ಟ ಬತ್ತಿಯ ವಾಸನೆ ಬರುತ್ತಿತ್ತು. ಅವಳ ಹಿಂದೆ ಬಂದು ನಿಂತ ಯಜಮಾನನ ಮುಖ ಬಿಳಿಚಿಕೊಂಡಿತ್ತು.

"ಏಯ್, ಕೈ ಹಿಂದಕ್ಕೆ ತಗೋ! ಮಕ್ಕಳನ್ನ ಕಳ್ಕೊಂಡೋರು ಕೊಡೋದನ್ನ ಇಸ್ಕೋಬಾರ್ದು ಕಣೋ!"

ಕತ್ತರಿಗೆ ನಗು ಉಕ್ಕಿ ಬಂತು. ಪುಣ್ಯ ಮಾರಿ ಹೊಟ್ಟೆ ಹೊರೆಯುವವನಿಗೆ ಪುಣ್ಯ ಕಂಡರೆ ನಡುಕ! ಮುದುಕಿಗೂ ಸಮಾಧಾನವಾಗಲಿ, ಯಜಮಾನನಿಗೂ ಬುದ್ಧಿ ಬರಲಿ ಎಂದು ಎರಡೂ ಕೈ ಬೊಗಸೆ ಮಾಡಿ ಚಾಚಿದ. ಮನೆಗೆ ಹೋಗಿ ಹೆಂಡತಿಗೆ ಅಣಕಿಸಿ ತೋರಿಸಲು ಒಳ್ಳೆಯ ಸರಕು ಎಂದೂ ಅನ್ನಿಸಿತ್ತು. 

"ನನ್ನ ಪುಣ್ಯವೆಲ್ಲ ನಿನಗೆ," ಎಂದು ಅಜ್ಜಿ ತಂಬಿಗೆ ಬಗ್ಗಿಸಿದಳು. ನೀರು ಬಾಯೊಳಗಿಂದ ಬಂದಂತೆ ಬೆಚ್ಚಗಿತ್ತು. ಬೊಗಸೆ ತುಂಬಿದರೂ ಒಂದು ಹನಿ ಕೆಳಗೆ ಚೆಲ್ಲಲಿಲ್ಲ. ನೋಡುತ್ತಿದ್ದಂತೆಯೇ ಕೈ ಒಣಗಿತು.

ಅಜ್ಜಿ ಬಾಯಿ ಅಗಲಿಸಿ ಆಕಳಿಸಿದಳು. "ಅಬ್ಬಾ, ನಿದ್ದೆ ಬರ್ತಿದೆ," ಎಂದಳು. ಬಾಗಿಲು ದಾಟುವಾಗ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಾಲಿಗೆ ಮೆತ್ತಿದ ಕೆಸರನ್ನು ನೋಡುವ ನೋಟ ಅದು. "ನಿನ್ನ ಜೀವಕ್ಕಿಂತ ಹತ್ತಿರದೋರು ಯಾರೋ, ದೇವಿ ಅವರ ಎದೆ ಮೇಲೆ ಕೂರ್ತಾಳೆ. ಹೆಸರು ಹೇಳೋದು ನಿಲ್ಲಿಸಬೇಡ. ಕೈ ಒಡ್ಡಿ ಬೇಡೋರು ಸಿಗೋವರೆಗೂ ನಿನ್ನದೇ."

ಊಟಕ್ಕೆ ಮನೆಗೆ ಹೋಗುವ ದಾರಿಯುದ್ದಕ್ಕೂ ಕತ್ತರಿ ಅಜ್ಜಿಯ ಧಾಟಿಯಲ್ಲೇ ಹೆಸರುಗಳನ್ನು ಒದರುತ್ತಾ ಸ್ಕೂಟರ್ ಓಡಿಸಿದ. ಕೆಮ್ಮು, ಸಿಳ್ಳು, ದಮ್ಮು ಎಲ್ಲವೂ ಇತ್ತು. ಹೆಂಡತಿ ಬಾಗಿಲು ತೆಗೆದಾಗ, "ಬಾಗಿಲ ಹಿಂದೆ ನಿಂತವಳೇ!" ಎಂದು ಅವಳಿಗೇ ಕೈಮುಗಿದ. ಅವಳು ನಗುತ್ತಾ ತಟ್ಟೆ ಇಡಲು ಒಳಗೆ ಹೋದಳು.

ಕತ್ತರಿ ಸುಮ್ಮನಾದ. ನಲ್ಲಿ ತಿರುಗಿಸಿ ಕೈ ತೊಳೆದ. ಮುಖ ತೊಳೆದ. ಹಿಂದೆ ತಟ್ಟೆ ಬಿದ್ದ ಸದ್ದು.

ತಿರುಗಿದ. ಅವಳು ನೆಲದ ಮೇಲಿದ್ದಳು. ಎರಡು ಕೈಯಲ್ಲೂ ಕೊರಳು ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು. ಒಳಗೆ ಏನೂ ಹೋಗುತ್ತಿರಲಿಲ್ಲ. ಅವನು ಬೆನ್ನು ಗುದ್ದಿದ. ಬಾಯೊಳಗೆ ಬೆರಳು ಹಾಕಿದ. ಏನೂ ಸಿಕ್ಕಿಕೊಂಡಿರಲಿಲ್ಲ. ತುಟಿ ನೀಲಿಗಟ್ಟಿತು. ಕಣ್ಣುಗುಡ್ಡೆ ಮೇಲಕ್ಕೆ ಹೊರಳಿತು. ಎದೆಯ ಮೇಲೆ ಕಿವಿ ಇಟ್ಟ. ಒಳಗಿಂದ ಹೃದಯದ ಸದ್ದು ಕೇಳಿತು. ಮೇಲಿನಿಂದ ಬೇರೇನೋ ಕೇಳಿತು. ಯಾರೋ ಅವನ ಕಿವಿಗೇ ತುಟಿ ಇಟ್ಟು ಉಸಿರು ಬಿಟ್ಟರು. ಬಿಸಿ ಉಸಿರು. ಸುಟ್ಟ ಬತ್ತಿಯ ವಾಸನೆ.

ಅವನಿಗೆ ಯಾರ ಹೆಸರನ್ನಾದರೂ ಹಿಡಿದು ಕೂಗಬೇಕಿತ್ತು. ವಾರಗಟ್ಟಲೆ ಕಿವಿಯಲ್ಲಿ ಕೂತದ್ದೇ ನಾಲಿಗೆಗೆ ಬಂತು.

"ಎದೆಯ ಮೇಲೆ ಕೂತವಳೇ!"

ಅವಳ ಎದೆ ಏರಿತು. ಒಂದು ಸಲ. ಇಳಿದು ನಿಂತಿತು.

ಇಲ್ಲ, ಹೀಗೆಲ್ಲ ಆಗುವುದಿಲ್ಲ ಎಂದುಕೊಂಡು ಕತ್ತರಿ ತುಟಿ ಬಿಗಿಹಿಡಿದ. ಆ ಹೊತ್ತಿನಲ್ಲೂ ಅವನಿಗೆ ಪರೀಕ್ಷೆ ಮಾಡುವ ಜಂಬ! ಅವಳ ಉಗುರುಗಳು ಅವನ ಮಣಿಕಟ್ಟಿನೊಳಗೆ ಇಳಿದವು. ರಕ್ತ ಬಂತು. ಅವನು ಹೇಳಿದ. ಅವಳು ಉಸಿರಾಡಿದಳು. ಮತ್ತೆ ಹೇಳಿದ. ಮತ್ತೆ ಉಸಿರಾಡಿದಳು. ಅಲ್ಲಿಂದ ಮುಂದೆ ಅವನು ನಿಲ್ಲಿಸಲಿಲ್ಲ.

ಆಸ್ಪತ್ರೆಗೆ ಕರೆದೊಯ್ದ, ದಾರಿಯೆಲ್ಲ ಹೇಳುತ್ತಲೇ. ಮೂಗಿಗೆ ನಳಿಗೆ ಹಾಕಿದರು. ಗಾಳಿ ಒಳಗೆ ಹೋಗುತ್ತಿತ್ತು, ಉಸಿರಾಗುತ್ತಿರಲಿಲ್ಲ. ಡಾಕ್ಟರು ಅವನಿಗೇ ಬಾಯಿ ಮುಚ್ಚಿಕೊಂಡು ಹೊರಗೆ ನಿಲ್ಲುವಂತೆ ಗದರಿದರು, ಅವಳು ನೀಲಿಯಾಗುವುದನ್ನು ಕಂಡು ಅವರೇ ಒಳಗೆ ಕರೆದರು, ಕೊನೆಗೆ ಒಂದಷ್ಟು ಮಾತ್ರೆ ಕೊಟ್ಟು ಕೈ ತೊಳೆದುಕೊಂಡರು. ಕತ್ತರಿ ಸ್ಟುಡಿಯೋಗೆ ಓಡಿ ತನ್ನದೇ ದನಿಯಲ್ಲಿ ಸಾವಿರವನ್ನೂ ಮುದ್ರಿಸಿಕೊಂಡ. ಒಂದು ಉಸಿರಿಗೂ ಕೈ ಹಚ್ಚಲಿಲ್ಲ. ಅದನ್ನು ಹಾಕಿ ತಾನು ಬಾಯಿ ಮುಚ್ಚಿ ನೋಡಿದ. ಪೆಟ್ಟಿಗೆ ಹೇಳಿತು, ಪೆಟ್ಟಿಗೆಯೇ ಉಸಿರಾಡಿತು, ಹೆಂಡತಿ ಉಸಿರಾಡಲಿಲ್ಲ. ದೇವಿಗೆ ಜೀವವಿದ್ದ ಗಂಟಲೇ ಬೇಕಿತ್ತು. ಹಾಗಾದರೆ ಅವನು ಕತ್ತರಿಸದೆ ಇದ್ದಿದ್ದರೂ ಆ ಮಗಳು ಉಳಿಯುತ್ತಿರಲಿಲ್ಲ! ಮುದುಕಿಯೇ ಮೂರ್ಖಳು, ನಾನಲ್ಲ ಎಂದು ಅವನು ಅಜ್ಜಿಯ ಬಾಗಿಲಿಗೆ ಹೋಗಿ ಅರಚಬೇಕೆಂದುಕೊಂಡ. ಆದರೆ ಅರಚಲು ಬಾಯಿಗೆ ಬಿಡುವಿರಲಿಲ್ಲ. ಮೇಲಾಗಿ ಅಜ್ಜಿ ಅಂದು ಹೋಗಿ ಮಲಗಿದವಳು ಏಳಲೇ ಇಲ್ಲವೆಂದು ಯಜಮಾನ ತಿಳಿಸಿದ.

ದಿನಗಳು ಉರುಳಿದವು. ಅವನ ಗಂಟಲು ಹುಣ್ಣಾಯಿತು, ದನಿ ಅಜ್ಜಿಯದರ ಹಾಗೆಯೇ ಸಿಳ್ಳು ಹಾಕತೊಡಗಿತು. ತುತ್ತು ನುಂಗುವುದೂ ಎರಡು ಹೆಸರಿನ ನಡುವೆ. ನಿದ್ದೆಯೆಂದರೆ ಕಣ್ಣು ಜೋಂಪು ಹತ್ತಿದೊಡನೆ ಬೀಳುವ ಹೆಂಡತಿಯ ಒದೆತ. ಪಕ್ಕದಲ್ಲಿ ಅವಳು ಕೊರಳು ಹಿಡಿದು ಒದ್ದಾಡುತ್ತಿರುತ್ತಿದ್ದಳು. ಅವಳು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು, ಅವನ ನಾಲಿಗೆಯ ಗತಿಗೆ ಅವಳ ಎದೆ ಏರಿಳಿಯುತ್ತಿತ್ತು. ಒಂದು ಸಂಜೆ ಅವನ ಮೊಣಕಾಲು ಹಿಡಿದು ಕೇಳಿದಳು.

"ಒಂದೇ ಒಂದು ಮಾತಾಡಿ ನನ್ನ ಜೊತೆ... ನಾನು ತಡ್ಕೋತೀನಿ... ಹೆಸರು ಬೇಡ... ಏನಾದ್ರೂ ಬೈಯಿರಿ..."

ಅವನು ಅವಳ ತಲೆ ಸವರಿದ, ಮುಂದಿನ ಹೆಸರು ಹೇಳಿದ. ಆಗಲೇ ಅವನೊಳಗೆ ಒಂದು ಕೆಟ್ಟ ಯೋಚನೆ ಎದ್ದಿತು. ಎಷ್ಟೊಂದು ಉಸಿರು ಬೇಕು ಇವಳಿಗೆ! ಒಂದಾದ ಮೇಲೆ ಒಂದು, ತೃಪ್ತಿಯೇ ಇಲ್ಲ. ಲೋಕವನ್ನೆಲ್ಲ ನೋಡುತ್ತಿದ್ದ ಆ ಮೂಗಿನ ತುದಿಯ ನೋಟ ಈಗ ಹೆಂಡತಿಯ ಮೇಲೂ ಬಿತ್ತು. ಅದು ಅವನಿಗೇ ಗೊತ್ತಾಗಿ ಹೆದರಿದ. ಇಬ್ಬರಲ್ಲಿ ಒಬ್ಬರು ಬೇಗ ಮುಗಿಯಲಿ ಎಂದು ತಾನೇ ಒಂದು ದಿನ ಬಾಯಿ ಮುಚ್ಚಿಬಿಡುತ್ತೇನೆ ಎನ್ನಿಸಿತು.

ಇತ್ತ ಜನ ಸುಮ್ಮನಿರುತ್ತಾರೆಯೇ? ಹಗಲೂ ರಾತ್ರಿ ಬಿಡದೆ ದೇವಿಯ ಹೆಸರು ಹೇಳುವ ಮಹಾನುಭಾವ ನಮ್ಮ ಬೀದಿಯ ಆ ಮಹಡಿ ಮನೆಯ ಮೆಟ್ಟಿಲು ಹತ್ತಿದರೆ ಸಿಗುತ್ತಾನೆ ಎಂದು ಸುದ್ದಿ ಹಬ್ಬಿತು. ಹಣ್ಣು ತಂದರು, ಹೂ ತಂದರು, ಕಾಲಿಗೆ ಬಿದ್ದರು. ಉಸಿರಾಡುವುದಕ್ಕೂ ಕೂಲಿ ಮಾಡುತ್ತಿದ್ದವನ ಮುಂದೆ ಕಣ್ಣು ಮುಚ್ಚಿ, "ಎಂಥ ಶಾಂತಿ ನೋಡು ಆ ಮುಖದಲ್ಲಿ," ಎಂದರು. ಕತ್ತರಿಗೆ ಅವರ ಮುಖಕ್ಕೆ ಉಗಿಯುವ ಆಸೆ. ಉಗಿಯಲು ಹೊತ್ತಿರಲಿಲ್ಲ. ಯಜಮಾನನೂ ಮೈಕು ಹಿಡಿದು ಬಂದ. ಕತ್ತರಿ ಮಾತಿಲ್ಲದೆ ಮನೆಯ ನೀರಿನ ತಂಬಿಗೆ ಎತ್ತಿ, ಕೈ ಒಡ್ಡು ಎಂದು ಸನ್ನೆ ಮಾಡಿದ. ಯಜಮಾನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೆಟ್ಟಿಲವರೆಗೆ ಹಿಂದೆ ಹಿಂದೆಯೇ ಹೆಜ್ಜೆಯಿಟ್ಟ.

"ನಂಗೆ ಪುಣ್ಯ ಬೇಡಪ್ಪಾ. ನಾನು ಮಾರೋನು."

ಹೆಂಡತಿ ತಂಬಿಗೆಯನ್ನು ನೋಡಿದಳು. ಅರ್ಥಮಾಡಿಕೊಂಡಳು. "ಯಾರ ತಲೆಗೂ ಕಟ್ಟಬೇಡಿ... ನನ್ನಾಣೆ... ನಾನೇ ಹೋಗ್ತೀನಿ ಬೇಕಾದ್ರೆ..." ಎಂದು ಬಿಟ್ಟು ಬಿಟ್ಟು ಹೇಳಿದಳು. ಅವನು ಆಗಲಿ ಎಂಬಂತೆ ತಲೆಯಾಡಿಸಿದ. ತಂಬಿಗೆಯನ್ನು ಮಾತ್ರ ಪಕ್ಕದಲ್ಲೇ ಇಟ್ಟುಕೊಂಡ.

ಒಂದು ದಿನ ಮಟಮಟ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಬಸ್ಸಿನ ಧೂಳು ಮೆತ್ತಿದ ಕಾಲು, ಸೊಂಟದಲ್ಲಿ ನಿದ್ದೆಗಣ್ಣಿನ ಹೆಣ್ಣುಮಗು. ಮಗು ತಾಯಿಯ ಕಿವಿಯೋಲೆ ಹಿಡಿದು ಎಳೆಯುತ್ತಿತ್ತು. ಹೆಂಗಸು ಮಗುವನ್ನು ಕೆಳಗಿಳಿಸಿ, ನೆಲಕ್ಕೆ ಹಣೆ ಹಚ್ಚಿ, ಎರಡೂ ಕೈ ಬೊಗಸೆ ಮಾಡಿ ಒಡ್ಡಿದಳು.

"ಸ್ವಾಮೀ, ಇವಳಿಗೆ ಮೇಲಿಂದ ಮೇಲೆ ಜ್ವರ. ನಿಮ್ಮ ಪುಣ್ಯದಲ್ಲಿ ಒಂದು ಚೂರು ನಮಗೂ ಕೊಡಿ. ದೇವಿ ನಮ್ಮ ಮನೆಗೂ ಬರ್ಲಿ."

ಕತ್ತರಿ ಆ ಬೊಗಸೆ ನೋಡಿದ. ಮಗುವನ್ನೂ ನೋಡಿದ. ನೋಡಲಿಲ್ಲ ಎಂದು ಹೇಳುವ ಹಾಗಿಲ್ಲ. ತಾನಾಗಿಯೇ ಬೇಡುತ್ತಿದ್ದಾಳಲ್ಲ ಎಂದುಕೊಂಡ. ಇಂಥವರಿಗೆ ಇದೇ ಆಗಬೇಕು ಎಂದೂ ಅಂದುಕೊಂಡ. ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಎದ್ದಳು. ಬೇಡ ಬೇಡವೆಂದು ತಲೆ ಅಲ್ಲಾಡಿಸಿದಳು. ಕೂಗಲು ಹೋದಳು. ಕೂಗುವ ಉಸಿರು ಅವನ ಬಾಯಲ್ಲಿತ್ತು.

ಅವನು ಹೆಸರು ನಿಲ್ಲಿಸಿದ. ತಂಬಿಗೆ ಬಗ್ಗಿಸಿದ.

"ನನ್ನ ಪುಣ್ಯವೆಲ್ಲ ನಿನಗೆ."

ಒಂದು ಹನಿಯೂ ಚೆಲ್ಲಲಿಲ್ಲ. ಹೆಂಗಸಿನ ಮುಖ ಅರಳಿತು. ಒದ್ದೆ ಕೈಯನ್ನು ಮಗುವಿನ ಎದೆಗೆ ಸವರಿ, ಬಸ್ಸಿಗೆ ಹೊತ್ತಾಯಿತೆಂದು ಅದನ್ನೆತ್ತಿಕೊಂಡು ದಡದಡ ಮೆಟ್ಟಿಲಿಳಿದಳು. ಕತ್ತರಿಗೆ ದೊಡ್ಡದೊಂದು ಆಕಳಿಕೆ ಬಂತು. ಇಡೀ ಮೈ ಹತ್ತಿಯಷ್ಟು ಹಗುರ. ಎಷ್ಟೋ ದಿನಗಳ ಮೇಲೆ ಕೋಣೆಯಲ್ಲಿ ಮೌನ.

ಆ ಮೌನದಲ್ಲಿ ಹೆಂಡತಿ ಉಸಿರೆಳೆದಳು. ತನ್ನದೇ ಉಸಿರು. ಉದ್ದಕ್ಕೆ, ತಡೆಯಿಲ್ಲದೆ. ಎಳೆದವಳೇ ಚೀರಿದಳು.

"ಅವಳಿಗೆ ಒಂದು ಹೆಸರೂ ಗೊತ್ತಿಲ್ಲ ರೀ!"

"ಕಲಿತ್ಕೋತಾಳೆ ಬಿಡು," ಎಂದ ಕತ್ತರಿ.

ಅಷ್ಟು ದಿನಗಳಲ್ಲಿ ಅವನು ಅವಳ ಜೊತೆ ಆಡಿದ ಮೊದಲ ಮಾತು ಅದು. ಅವಳು ಅವನನ್ನು ಒಂದು ಕ್ಷಣ ನೋಡಿದಳು. ಬಾಗಿಲಲ್ಲಿ ತಿರುಗಿ ನಿಂತ ಅಜ್ಜಿಯ ಕಣ್ಣಲ್ಲೂ ಇಷ್ಟು ಅಸಹ್ಯವಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಕತ್ತರಿ ಕಿಟಕಿಗೆ ಬಂದ. ಕೆಳಗೆ ಬಸ್ಸು ನಿಲ್ಲುವ ಜಾಗದಲ್ಲಿ ಜನ ಸುತ್ತುಗಟ್ಟಿದ್ದರು. ನಡುವೆ ಹೆಂಗಸು ಮಗುವನ್ನು ಅಲುಗಿಸುತ್ತಿದ್ದಳು. ಮಗುವಿನ ಕೈ ಜೋತುಬಿದ್ದಿತ್ತು. ಯಾರೋ ನೀರು ಚಿಮುಕಿಸಿದರು. ಹೆಂಡತಿ ಜನರನ್ನು ಮೊಣಕೈಯಿಂದ ತಳ್ಳಿ ಒಳಗೆ ನುಗ್ಗಿದಳು. ಹೆಂಗಸಿನ ಎರಡೂ ಕೆನ್ನೆ ಹಿಡಿದಳು. ಮುಖಕ್ಕೆ ಮುಖ ಕೊಟ್ಟು ಕೂಗಿದಳು. ಹೆಂಗಸು ಅವಳನ್ನು ನೂಕಿದಳು. ಹುಚ್ಚಿ ಎಂದುಕೊಂಡಿರಬೇಕು. ಹೆಂಡತಿ ಬಿದ್ದಳು. ಎದ್ದಳು. ಮತ್ತೆ ಹಿಡಿದಳು. ಕೆನ್ನೆಗೆ ಬಾರಿಸಿದಳು. ಹೇಳು, ಹೇಳು, ಹೇಳು.

ಹೆಂಗಸಿನ ಬಾಯಿ ಅಲುಗಿತು. ಮೊದಲೇ ಬಂದವಳೇ.

ಮಗುವಿನ ಅಳು ಕಿಟಕಿಯವರೆಗೂ ಬಂತು. ಅರ್ಧಕ್ಕೆ ಕತ್ತರಿಸಿ ನಿಂತಿತು. ಹೆಂಡತಿ ಮುಂದಿನದನ್ನು ಹೇಳಿಕೊಟ್ಟಳು. ಹೆಂಗಸು ಹೇಳಿದಳು. ಅಳು ಮತ್ತೆ ಬಂತು. ಇನ್ನೊಂದು. ಮತ್ತೊಂದು. ಹಾಸಿಗೆಯ ಮೇಲೆ ಬಿದ್ದುಕೊಂಡು ಅವನ ಬಾಯಿಂದ ಕೇಳಿ ಕೇಳಿ ಅವಳಿಗೂ ಸಾವಿರವೂ ಬಾಯಿಗೆ ಬರುತ್ತಿದ್ದವು. ಬಸ್ಸು ಬಂತು. ಹೆಂಗಸಿನ ತೋಳು ಹಿಡಿದು, ಒಂದು ಹೆಸರು ಮುಂದೆ ಮುಂದೆ ಹೇಳಿಕೊಡುತ್ತಲೇ, ಬರಿಗಾಲಲ್ಲಿ ಅವಳೂ ಹತ್ತಿದಳು.

ಕತ್ತರಿ ಕಿಟಕಿಯ ಸರಳು ಹಿಡಿದು ಅವಳನ್ನು ಕರೆಯಲು ಬಾಯಿ ತೆರೆದ. ಬೇಕಾದಷ್ಟು ಉಸಿರಿತ್ತು ಈಗ, ಬೇಕಾದ್ದನ್ನು ಹೇಳಬಹುದಿತ್ತು. ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು ಎಲ್ಲಿ ಬಿಟ್ಟಿ‌ತ್ತೋ ಅಲ್ಲಿಂದಲೇ ಮುಂದುವರಿಯಿತು.

"ತಿರುಗಿ ನೋಡದವಳೇ."

ಬಸ್ಸು ಹೊರಟಿತು. ಅವನು ಅದನ್ನೇ ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದ. ಯಾರ ಎದೆಯೂ ಏರಲಿಲ್ಲ.